ನೋಡಿದೆ, ನಿರ್ಲಕ್ಷಿಸಿದೆ

ಅಹಮದಾಬಾದಿನ ಚಾಂದ್‌ಖೇಡಾದಲ್ಲಿರುವ ನದೀತೀರ ಕನ್ನಡ ಬಳಗವು ಮಯೂರ್‌ಭಾಯಿಯನ್ನು ನಿರ್ಲಕ್ಷಿಸಲು ಸರ್ವಾನುಮತದಿಂದ ತೀರ್ಮಾನಿಸಿತು. ಠರಾವು ಸಂಖ್ಯೆ ಹದಿನಾಲ್ಕು.

ಮಯೂರ್‌ಭಾಯಿ ಎಂದರೆ ನಿಂತ ಕಾರಿನಲ್ಲಿ ಕೂತು ಫೋನಿಗೆ ಉಪನ್ಯಾಸ ಕೊಟ್ಟು ವೀಡಿಯೊ ಹಾಕುವ ಮಹನೀಯ. ದಕ್ಷಿಣದವರಿಗೆ ಮನೆ ಬಾಡಿಗೆ ಕೊಡಬೇಡಿ, ಅವರ ಹುಳಿಯ ವಾಸನೆ ಗೋಡೆಗೆ ಇಳಿದರೆ ಏಳು ವರ್ಷ ಹೋಗುವುದಿಲ್ಲ ಎಂಬುದು ಅವನ ಸಂಶೋಧನೆ. ಕಂಪನಿಯೊಂದರಲ್ಲಿ ಕೆಲಸಕ್ಕಿದ್ದ ಕೃಪಾಳ ಮನೆಮಾಲೀಕ ಪ್ರಮೋದ್‌ಭಾಯಿ ಇದನ್ನು ನೋಡಿ, ಗೋಡೆಯನ್ನು ಮೂಸಿ, ತಿಂಗಳ ಕೊನೆಗೆ ಫ್ಲ್ಯಾಟು ಖಾಲಿ ಮಾಡಬೇಕಾಗಬಹುದು ಎಂದಿದ್ದರು.

“ಸರ್, ಬಳಗದಿಂದ ಯಾರಾದ್ರೂ ಒಬ್ರು ಬಂದು ಅವರ ಹತ್ರ ಮಾತಾಡಿದ್ರೆ ಸಾಕು. ಇಲ್ಲ, ಆ ವೀಡಿಯೊಗೆ ಒಂದು ಉತ್ತರ ಹಾಕಿ,” ಎಂದಳು ಕೃಪಾ.

“ಉತ್ತರ ಕೊಟ್ರೆ ಅವನಿಗೆ ಪ್ರಚಾರ ಸಿಗತ್ತಮ್ಮ,” ಎಂದರು ಕಾರ್ಯದರ್ಶಿ ಪಟ್ಟಾಭಿರಾಮ. “ಅಂಥವರನ್ನ ನಿರ್ಲಕ್ಷಿಸಬೇಕು. ಆದ್ರೆ ಕ್ರಮಬದ್ಧವಾಗಿ.”

ಪಟ್ಟಾಭಿರಾಮ ಮೂವತ್ತೆರಡು ವರ್ಷ ಸರಕಾರಿ ಕಡತಗಳ ನಡುವೆ ಕಳೆದವರು. ಓದದೆ ಸಹಿ ಹಾಕಿದ ಕಳಂಕ ಅವರಿಗಿರಲಿಲ್ಲ. ನೋಡದೇ ಇರುವುದನ್ನು ನಿರ್ಲಕ್ಷಿಸಿದೆ ಎಂದು ಬರೆದರೆ ಅದು ಸುಳ್ಳು ದಾಖಲೆಯಾಗುತ್ತದೆ ಎಂಬ ಸೂಕ್ಷ್ಮ ಅವರಿಗೆ ತಟ್ಟನೆ ಹೊಳೆಯಿತು. ಆದ್ದರಿಂದ ನಿಯಮವಾಯಿತು: ಪ್ರತಿ ಸದಸ್ಯರೂ ಕುಟುಂಬಸಮೇತ ಪ್ರತಿ ವೀಡಿಯೊವನ್ನೂ ಆದ್ಯಂತ ವೀಕ್ಷಿಸಿ, ‘ನೋಡಿದೆ, ನಿರ್ಲಕ್ಷಿಸಿದೆ’ ಎಂದು ರಿಜಿಸ್ಟರಿನಲ್ಲಿ ಸಹಿ ಹಾಕತಕ್ಕದ್ದು. ಯಾವುದೂ ತಪ್ಪಿಹೋಗದಂತೆ ಚಾನೆಲ್ಲಿಗೆ ಚಂದಾದಾರರಾಗತಕ್ಕದ್ದು. ಖಜಾಂಚಿ ಲಿಂಗರಾಜ, ಹುಬ್ಬಳ್ಳಿ ಕಡೆಯವರು, ಎಲ್ಲರ ಫೋನಿನಲ್ಲೂ ಗಂಟೆಯ ಗುರುತನ್ನು ತಾವೇ ಒತ್ತಿಕೊಟ್ಟರು.

ಬಳಗದವರು ಶಿಸ್ತಿನ ಜನ. ವಡೋದರಾ, ಸೂರತ್ ಬಳಗಗಳೂ ಸುತ್ತೋಲೆ ತರಿಸಿಕೊಂಡು ನಿರ್ಲಕ್ಷಿಸತೊಡಗಿದವು. ವಡೋದರಾ ಬಳಿಯ ಕೊಯಾಲಿಯ ರಿಫೈನರಿ ಕ್ವಾರ್ಟರ್ಸಿನಲ್ಲಿ ಒಗ್ಗರಣೆ ಅವಲಕ್ಕಿ ಹಂಚಿ ಸಾಮೂಹಿಕವಾಗಿ ನಿರ್ಲಕ್ಷಿಸಿದರು. ಹನ್ನೊಂದನೆಯ ವೀಡಿಯೊದಲ್ಲಿ ಮಯೂರ್‌ಭಾಯಿ ಬೇರೊಂದು ರಾಜ್ಯದವರನ್ನು ಬೈದಾಗ ಮಾತ್ರ ಲಿಂಗರಾಜರು, “ಇದ್ರಾಗ ಸ್ವಲ್ಪ ಖರೇ ಐತಿ ನೋಡ್ರಿ,” ಎಂದರು. ಆ ವೀಡಿಯೊಗೆ ನಿರ್ಲಕ್ಷ್ಯದಿಂದ ವಿನಾಯಿತಿ ನೀಡಲಾಯಿತು.

ತಿಂಗಳ ಕೊನೆಗೆ ಕೃಪಾ ಎರಡು ಸೂಟ್‌ಕೇಸಿನೊಂದಿಗೆ ಬಂದಳು.

“ಪ್ರಮೋದ್‌ಭಾಯಿ ಮನಸ್ಸು ಬದಲಾಯಿಸೋದ್ರಲ್ಲಿದ್ರು ಸರ್. ಮೊದಲು ಬರೀ ನಲವತ್ತು ಜನ ನೋಡ್ತಿದ್ರು, ಹಾಗಾಗಿ ಯಾರೋ ತಲೆಕೆಟ್ಟೋನು ಅಂದ್ಕೊಂಡಿದ್ರಂತೆ. ಈಗ ಎರಡು ಸಾವಿರ ಜನ ಕೊನೇತನಕ ನೋಡ್ತಾರೆ, ಸುಳ್ಳು ಹೇಗಾಗತ್ತೆ ಅಂತಾರೆ.”

ಪಟ್ಟಾಭಿರಾಮರಿಗೆ ನಿಜಕ್ಕೂ ಸಂಕಟವಾಯಿತು. “ಎರಡು ಸಾವಿರವೇ? ಯಾರಮ್ಮ ಅಷ್ಟೊಂದು ಜನ, ಮಾಡೋಕೆ ಕೆಲಸ ಇಲ್ಲದೋರು?”

ಕೃಪಾ ಮೇಜಿನ ಮೇಲಿದ್ದ ರಿಜಿಸ್ಟರನ್ನು ನೋಡಿದಳು. ಪಟ್ಟಾಭಿರಾಮರೂ ನೋಡಿದರು. ಸಹಿಗಳೆಲ್ಲ ಸರಿಯಾಗಿದ್ದವು.

ಅಷ್ಟರಲ್ಲಿ ಇಬ್ಬರ ಫೋನುಗಳೂ ಒಟ್ಟಿಗೆ ಟಿಣ್ ಎಂದವು. ಹೊಸ ವೀಡಿಯೊದಲ್ಲಿ ಮಯೂರ್‌ಭಾಯಿ ಕಾರಿನೊಳಗಿಂದಲೇ ಕೈಮುಗಿದ. ಕನ್ನಡಿಗರಷ್ಟು ನಿಷ್ಠಾವಂತ ಪ್ರೇಕ್ಷಕರು ತನಗೆ ಬೇರೆ ಯಾರೂ ಇಲ್ಲ, ಅವರಿಗೆ ಮನೆ ಮಾತ್ರ ಕೊಡಬೇಡಿ ಎಂದ. ಇಬ್ಬರೂ ಕೊನೆಯವರೆಗೆ ನೋಡಿದರು.

ಪಟ್ಟಾಭಿರಾಮ ರಿಜಿಸ್ಟರನ್ನು ಅವಳ ಕಡೆ ತಿರುಗಿಸಿ ಪೆನ್ನು ಕೊಟ್ಟರು. ಕೃಪಾ ಹೆಸರು ಬರೆದು ಸಹಿ ಹಾಕಿದಳು.

“ಸರ್, ಇಲ್ಲಿ ವಿಳಾಸ ಅಂತಿದೆ.”

“ಅದನ್ನ ಖಾಲಿ ಬಿಡಮ್ಮ,” ಎಂದರು ಪಟ್ಟಾಭಿರಾಮ ಸಮಾಧಾನದ ದನಿಯಲ್ಲಿ. “ನಿಯಮದಲ್ಲಿ ಅವಕಾಶ ಇದೆ.”