ಮೂರಡಿಯ ಕಾಲಾಳು

ಮನುಷ್ಯನ ಸರ್ವನಾಶಕ್ಕೆ ದುರಾಸೆಯೇ ಮೂಲವೆಂದು ದೊಡ್ಡವರು ಹೇಳುತ್ತಾರೆ. ಅಷ್ಟು ದೊಡ್ಡದೇನೂ ಬೇಕಿಲ್ಲ. ನನಗೆ ಮೂರಡಿ ಸಾಕಾಯಿತು.

ಭಾನುವಾರಗಳಂದು ಶಿಕಾರಿಪುರದ ನಮ್ಮ ಮನೆಯಲ್ಲಿ ಚದುರಂಗ. ಎದುರಾಳಿ ನನ್ನ ಹೆಂಡತಿಯ ತಮ್ಮ, ಸೊರಬ ಕಡೆಯ ಕುಪ್ಪಗಡ್ಡೆಯ ಶಿವಪ್ಪ. ಆಟ ಕಲಿಸಿದವನು ನಾನೇ. ಕ್ವೀನ್ಸ್ ಗ್ಯಾಂಬಿಟ್ ಎಂಬ ಆರಂಭವನ್ನಂತೂ ಪುರಾಣ ಹೇಳುವವರ ಗಾಂಭೀರ್ಯದಿಂದ ಬೋಧಿಸಿದ್ದೆ. ಎರಡನೆಯ ನಡೆಗೇ ಬಿಳಿ ಕಾಯಿಯವನು ಪಕ್ಕದ ಕಾಲಾಳೊಂದನ್ನು ಎದುರಾಳಿಯ ಬಾಯಿಗೆ ಒಡ್ಡುತ್ತಾನೆ. ಅದು ದಾನವಲ್ಲ. ಅದನ್ನು ತಿನ್ನಲು ಕಪ್ಪು ಕಾಲಾಳು ನಡುವಿನ ಮನೆ ಬಿಟ್ಟು ಪಕ್ಕಕ್ಕೆ ಸರಿಯುತ್ತದೆ, ನಡುಬಯಲು ಬಿಳಿಯ ಪಾಲಾಗುತ್ತದೆ. ಕಪ್ಪಿನವನು ತಿನ್ನಬಹುದು, ತಪ್ಪಿಲ್ಲ. ಆದರೆ ತಿಂದದ್ದನ್ನು ಕಾಯುತ್ತ ಕೂರಬಾರದು. ಅದನ್ನು ವಾಪಸು ಬಿಟ್ಟುಕೊಟ್ಟು, ಆ ಬಿಡುವಿನಲ್ಲಿ ಕುದುರೆ, ಒಂಟೆಗಳನ್ನು ಹೊರತಂದು ನಡುವಿಗೇ ಏಟು ಹಾಕಬೇಕು. ಕಾಯಲು ಹೋದವನ ಒಂದು ಪಕ್ಕವೇ ಕುಸಿಯುತ್ತದೆ.

ಶಿವಪ್ಪನ ಗದ್ದೆಗೆ ಹೊಂದಿಕೊಂಡು ನನ್ನ ಹೆಂಡತಿಗೆ ತವರಿನಿಂದ ಬಂದ ಗದ್ದೆಯಿದೆ. ಒಂದು ಸಂಜೆ ಅವನು, "ಭಾವ, ಬದುವಿನ ಹತ್ರ ನಂದು ಮೂರಡಿ ನೀವೇ ಇಟ್ಕಳಿ. ನಡುವಿನ ಗಾಡಿ ದಾರಿ ನಂಗಿರ್ಲಿ" ಎಂದ.

"ಅವ ಸುಮ್ನೆ ಕೊಡೋನಲ್ಲ ಕಣ್ರೀ" ಎಂದಳು ಹೆಂಡತಿ.

ಮೂವತ್ತು ವರ್ಷ ಸರ್ವೆ ಕೆಲಸದಲ್ಲಿ ಊರವರ ಜಮೀನಿಗೆ ಸರಪಳಿ ಎಳೆದವನು ನಾನು. ನನಗೆಂದು ಸಿಕ್ಕ ಮೊದಲ ಮೂರಡಿ ಇದು. ನಮ್ಮ ಗದ್ದೆಗಿದ್ದದ್ದೂ ಆ ಗಾಡಿ ದಾರಿಯೊಂದೇ ಎಂಬುದು ನಕ್ಷೆಯಲ್ಲಿ ಕಣ್ಣೆದುರೇ ಇತ್ತು. ನಾನು ಬದುವನ್ನಷ್ಟೇ ನೋಡಿ, ಅದಲುಬದಲಿನ ಪತ್ರಕ್ಕೆ ಹೆಂಡತಿಯಿಂದಲೂ ರುಜು ಹಾಕಿಸಿದೆ. ಶಿವಪ್ಪ ದಾರಿಯನ್ನು ಉತ್ತು ಗದ್ದೆಗೆ ಸೇರಿಸಿಕೊಂಡ.

ಭತ್ತ ಹಣ್ಣಾಯಿತು. ಕೊಯ್ಯಲು ಆಳುಗಳಿಲ್ಲ, ಕೊಯ್ಲಿನ ಯಂತ್ರ ಬಂದು ರಸ್ತೆಯಲ್ಲೇ ನಿಂತಿತು. ಹೆಂಡತಿ ತಮ್ಮನ ಮನೆಗೆ ಹೋಗಿ ಬಂದಳು.

"ಮೂರಡಿ ಬಿಟ್ರೆ ಯಂತ್ರ ಇವತ್ತೇ ಒಳಗ್ ಹೋಗ್ಲಿ ಅಂದ. ಬಿಡ್ರೀ! ಅಷ್ಟ್ರಲ್ಲಿ ಏನ್ ಬೆಳೀತೀರಿ? ನಿಮ್ಮನ್ನ ಮಲಗಿಸೋಕೆ ಸರಿಯಾಗತ್ತೆ, ಅಷ್ಟೇ."

ನಾನು ಬಿಡಲಿಲ್ಲ. ಆ ಮೂರಡಿಯ ಉದ್ದಕ್ಕೂ ಕಲ್ಲುಕಂಬ ನೆಡಿಸಿ ತಂತಿ ಬಿಗಿಸಿದೆ. ಯಾವ ನಡೆ ಕೂಡದೆಂದು ಬೋಧಿಸಿದ್ದೆನೋ ಅದೇ ನಡೆ. ಶಿವಪ್ಪ ತಂತಿಯಾಚೆ ಬಂದು ನಿಂತ.

"ಭಾವ, ಕಾಲಾಳು ವಾಪಸ್ ಕೊಡೋದು ಎಷ್ಟನೇ ನಡೆಗೆ ಅಂದಿದ್ರಿ?"

"ನೆನಪಿಲ್ಲ" ಎಂದೆ.

ಯಂತ್ರದವನು ಎರಡು ದಿನ ಕಾದು ಹೊಸಬಾಳೆ ಊರಿನ ಕೊಯ್ಲಿಗೆ ಹೋದ. ಮೂರನೆಯ ದಿನ ಮಳೆ ಬಂತು. ಭತ್ತ ನೆಲಕ್ಕೆ ಮಲಗಿ ಅಲ್ಲೇ ಮೊಳಕೆಯೊಡೆಯಿತು. ಹೆಂಡತಿ ತವರಿಗೆ ಹೋಗುವುದನ್ನು ನಿಲ್ಲಿಸಿದ್ದಾಳೆ. ಮೂರಡಿ ನನ್ನಲ್ಲೇ ಇದೆ.