ಅವ್ವನೂ ಮೊಣಕಾಲಿನ ಹುಡುಗನೂ

ತೊಂದರೆ ಯಾವ ದಿಕ್ಕಿನಿಂದ ಬರುತ್ತದೆಂದು ಮೊದಲೇ ತಿಳಿಯುವಂತಿದ್ದರೆ ಸಂಸಾರಸ್ಥರೆಲ್ಲ ಆ ದಿಕ್ಕಿನ ಕಿಟಕಿ ಮುಚ್ಚಿಕೊಂಡು ನಿಶ್ಚಿಂತೆಯಿಂದ ಮಲಗುತ್ತಿದ್ದರು. ನನಗೆ ತೊಂದರೆ ಬಂದದ್ದು ಬ್ಯಾಸ್ಕೆಟ್‌ಬಾಲಿನಿಂದ. ಅದೂ ಅಮೆರಿಕದ ಬ್ಯಾಸ್ಕೆಟ್‌ಬಾಲಿನಿಂದ. ನಾನು ಮೊದಲಿನಿಂದಲೂ ಆಟದ ಮನುಷ್ಯನಲ್ಲ. ಹೈದರಾಬಾದಿನ ಉಪ್ಪಲ್‌ನಲ್ಲಿ, ಕ್ರಿಕೆಟ್ ಸ್ಟೇಡಿಯಮ್ಮಿನ ದೀಪದ ಕಂಬಗಳು ಅಡುಗೆಮನೆಯ ಕಿಟಕಿಯಿಂದ ಕಾಣುವಷ್ಟು ಹತ್ತಿರ ಮನೆ ಮಾಡಿಕೊಂಡೂ ಒಂದು ಮ್ಯಾಚು ನೋಡಲು ಹೋದವನಲ್ಲ. ಧಾರವಾಡದಲ್ಲಿದ್ದು ಫೇಡೆ ತಿನ್ನದವನನ್ನು ನೋಡುವಂತೆ ಜನ ನನ್ನನ್ನು ನೋಡುತ್ತಾರೆ. ಮ್ಯಾಚಿದ್ದ ದಿನ ನನ್ನ ತಲೆಯಲ್ಲಿ ಇರುವುದು ಒಂದೇ ಪ್ರಶ್ನೆ: ಆ ಜನಸಾಗರವನ್ನು ತಪ್ಪಿಸಿ, ನಾಚಾರಂ ಕಡೆಯಿಂದ ಸುತ್ತು ಹಾಕಿ, ಸ್ಕೂಟರನ್ನು ಮನೆಗೆ ಮುಟ್ಟಿಸುವುದು ಹೇಗೆ? ಇಂಥವನು ಕಳೆದ ವರ್ಷವಿಡೀ ಎಂದೂ ಕಾಣದ ಒಬ್ಬ ಅಮೆರಿಕದ ಹುಡುಗನ ಮೊಣಕಾಲಿಗಾಗಿ ಮನಸ್ಸಿನಲ್ಲೇ ಹರಕೆ ಹೊರುತ್ತ ಓಡಾಡಿದೆ ಎಂದರೆ ನೀವು ನಂಬಲಿಕ್ಕಿಲ್ಲ. ಆದರೂ ಹೇಳುತ್ತೇನೆ.

ನಮ್ಮ ಮನೆಯಲ್ಲಿ ಇರುವವರು ನಾಲ್ವರು. ಕೇಂದ್ರ ಸರ್ಕಾರದ ಒಂದು ಕಾರ್ಖಾನೆಯ ಸ್ಟೋರ್ಸ್ ವಿಭಾಗದಲ್ಲಿ ಕೆಲಸ ಮಾಡುವ ನಾನು, ನನ್ನನ್ನು ಸಹಿಸಿಕೊಂಡಿರುವ ಹೆಂಡತಿ ಭಾರತಿ, ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಆಡುವ ಮಗಳು ಮೇಘಾ, ಮತ್ತು ವಿಜಯಪುರದಿಂದ ಬಂದು ವರ್ಷಗಳೇ ಆದರೂ ಹೈದರಾಬಾದಿನ ಉಪ್ಪಿಗೂ ರುಚಿಯಿಲ್ಲ ಎನ್ನುವ ನಮ್ಮ ಅವ್ವ. ಕಳೆದ ಚಳಿಗಾಲದಲ್ಲಿ ಅವ್ವನ ಮೊಣಕಾಲಿನ ಆಪರೇಶನ್ ಆಯಿತು. ಡಾಕ್ಟರರು ಬಹಳ ಚೆನ್ನಾಗಿ ಆಗಿದೆ ಎಂದರು. ಅವ್ವ ಅವರಿಗೆ ಎದುರಾಡಲಿಲ್ಲ. ಆದರೆ ಮನೆಗೆ ಬಂದ ಮೇಲೆ ಮಂಚದಿಂದ ಕುರ್ಚಿ, ಕುರ್ಚಿಯಿಂದ ಮಂಚ, ಇದಿಷ್ಟೇ ಆಕೆಯ ಪ್ರಪಂಚವಾಯಿತು. ನಮ್ಮದು ಲಿಫ್ಟಿಲ್ಲದ ಹಳೆಯ ಅಪಾರ್ಟ್‌ಮೆಂಟು, ಮೊದಲ ಮಹಡಿ. ಒಮ್ಮೆ ಮೆಟ್ಟಿಲಿಳಿಯಲು ಹೊರಟವಳು ಅರ್ಧದಾರಿಯ ತಿರುವಿನಲ್ಲಿ ಕಂಬಿ ಹಿಡಿದು ನಿಂತುಬಿಟ್ಟಳು. ಮುಂದಕ್ಕೂ ಹೆಜ್ಜೆಯಿಲ್ಲ, ಹಿಂದಕ್ಕೂ ಇಲ್ಲ. ಕೊನೆಗೆ ವಾಚ್‌ಮನ್ನು ಒಂದು ಪ್ಲಾಸ್ಟಿಕ್ ಕುರ್ಚಿ ತಂದ. ಅವನೂ ನಾನೂ ಸೇರಿ ಆಕೆಯನ್ನು ಅದರಲ್ಲಿ ಕೂರಿಸಿ ಮೇಲಕ್ಕೆ ಹೊತ್ತು ತಂದೆವು. ಎಲ್ಲ ಮನೆಗಳ ಬಾಗಿಲೂ ತೆರೆದವು. ಎಲ್ಲರೂ ಒಳ್ಳೆಯವರೇ, ಎಲ್ಲರೂ "ಜಾಗ್ರತ್ತ, ಜಾಗ್ರತ್ತ" ಎಂದರು. ಅವತ್ತಿನಿಂದ ಅವ್ವ ಹೊಸ್ತಿಲು ದಾಟಲಿಲ್ಲ. ವಾರಕ್ಕೆರಡು ಸಲ ಬರುವ ಫಿಸಿಯೋಥೆರಪಿಯ ಹುಡುಗಿ "ನಡವಾಲಿ ಅಮ್ಮಾ, ನಡವಾಲಿ" ಎಂದು ತೆಲುಗಿನಲ್ಲಿ ನಡೆಯಲು ಗೋಗರೆದರೆ, ಅವ್ವ ನನ್ನತ್ತ ತಿರುಗಿ, "ಈ ಕೂಸಿಗೆ ಚಹಾ ಕೊಡ್ರೋ, ಮಾತಾಡಿ ಮಾತಾಡಿ ಗಂಟಲಾ ಒಣಗೈತಿ" ಎನ್ನುತ್ತಿದ್ದಳು.

ಕುರ್ಚಿಯಲ್ಲಿ ಕೂತವಳ ಎದುರಿಗೆ ಟಿವಿ ಇತ್ತು. ಅಮೆರಿಕದ ಸಂಜೆಯ ಆಟ ನಮ್ಮ ಬೆಳಗಿನ ಹೊತ್ತಿಗೆ ಬರುತ್ತದೆ. ಮೇಘಾ ಕಾಲೇಜಿಗೆ ಹೊರಡುವ ಮೊದಲು ಅದನ್ನು ಹಚ್ಚಿಕೊಂಡು ಕೂರುತ್ತಿದ್ದಳು. ಅವ್ವ ಮೊದಮೊದಲು ಜಪಮಾಲೆ ಹಿಡಿದು ಬೇರೆ ಕಡೆ ಮುಖ ಮಾಡುತ್ತಿದ್ದಳು. ಮಣಿಗಳು ಎಲ್ಲಿ ನಿಂತವೋ ಗೊತ್ತಿಲ್ಲ, ತಿಂಗಳೊಪ್ಪತ್ತಿನಲ್ಲಿ ಅಜ್ಜಿ ಮೊಮ್ಮಗಳು ಸೇರಿ ರೆಫ್ರಿಯನ್ನು ಬೈಯುವ ಮಟ್ಟಕ್ಕೆ ಬಂದರು. ಪರದೇಶದ ಹೆಸರುಗಳು ಅವ್ವನ ನಾಲಿಗೆಗೆ ಒಗ್ಗಲಿಲ್ಲ. ಹಾಗಾಗಿ ಎಲ್ಲರಿಗೂ ತಾನೇ ನಾಮಕರಣ ಮಾಡಿದಳು. ನಲವತ್ತು ದಾಟಿದರೂ ಆಡುತ್ತಿರುವವನು ಹಿರ್ಯಾ. ಏಳಡಿ ಮೀರಿದವನು ಗಳ. ಎಷ್ಟು ಅಂಕ ಹೊಡೆದರೂ ನಗದವನು ಸಿಡುಕಮೋರಿ.

ಬೇಸಿಗೆಗೆ ಲೀಗು ಮುಗಿಯಿತು, ಇನ್ನು ಟಿವಿ ನನಗೆ ಸಿಗುತ್ತದೆಂದು ನಾನು ಹಿಗ್ಗಿದೆ. ಆಟ ನಿಂತ ಮೇಲೆಯೇ ಅದರ ಮಾತು ಜಾಸ್ತಿಯಾಗುತ್ತದೆಂಬುದು ನನಗೆ ತಿಳಿದಿರಲಿಲ್ಲ. ಮುಂದಿನ ಋತುವಿನಲ್ಲಿ ಏನು ನೋಡಬೇಕು, ಯಾರು ಯಾವ ತಂಡ ಸೇರಿದರು, ಯಾರ ಕತೆ ಮುಗಿಯಿತು ಎಂದು ಮೇಘಾ ದಿನವೂ ಫೋನಿನಲ್ಲಿ ಓದಿ ಹೇಳುವಳು, ಅವ್ವ ಅದನ್ನು ಬಂದವರಿಗೆಲ್ಲ ಹಂಚುವಳು. ಒಂದು ಭಾನುವಾರ ಅವ್ವನ ದೊಡ್ಡಪ್ಪನ ಮಗ ಶ್ರೀಶೈಲಪ್ಪ ಮಾವ ಊರಿನಿಂದ ಬಂದರು. ನಾನು ಒಳಗಿನಿಂದ ಚಹಾ ತರುವಷ್ಟರಲ್ಲಿ ಅವ್ವ ಶುರು ಮಾಡಿದ್ದಳು.

"ಈ ಸಲ ಏನಾಗ್ತೈತೋ ನೋಡಬೇಕಪಾ. ಆ ಹಿರ್ಯಾ ಇನ್ನೂ ಬಿಡಾವಲ್ಲ. ಮಕ್ಕಳ ವಾರಿಗಿ ಹುಡುಗೂರು ಬಾಜೂಕ ಬಂದು ನಿಂತಾರ, ಆದ್ರೂ ಎಲ್ಲಾ ತನ್ನ ಕೈಯಾಗ ಇರಬೇಕಂತಾನ. ಇದ ಕಡೀ ವರ್ಷ ಅಂತ ಹೋದ ವರ್ಷಾನೂ ಅಂದಿದ್ದ."

ಮಾವ ತಲೆಯಾಡಿಸಿದರು. "ಎಲ್ಲಾ ಮನ್ಯಾಗೂ ಹಂಗ ಐತಿ ಅಕ್ಕಾ. ಮಕ್ಕಳ ಕೈಗೆ ಕೊಡಾಕ ಮನಸ್ಸು ಬರೂದಿಲ್ಲ."

"ಮತ್ತ ಆ ಸಿಡುಕಮೋರಿ, ಪಾಪ, ಹೊಸಾ ಮನಿ ಕಟ್ಟಿಸಿದ್ದ. ಹೆಂಡ್ತಿ ಬಸರಿ. ಊಟಕ್ಕ ಕುಂತಾಗ ಫೋನ್ ಬಂತಂತ, ನಾಳಿಂದ ನೀ ಬ್ಯಾರೆ ಕಡೆ ಹೋಗು ಅಂತ. ಇವನ್ನ ಕೊಟ್ಟು ಅಲ್ಲಿಂದ ಇಬ್ಬರನ್ನ ತೊಗೊಂಡಾರ."

"ಇಬ್ಬರನ್ನ ತೊಗೊಂಡಾರ ಅಂದ್ರ?"

"ಅದಲಾಬದಲಿ ಮಾಡ್ಯಾರ. ಅದರಾಗ ಒಬ್ಬಾಂವ ಏಳು ಫೂಟಿನ ಮ್ಯಾಲ ಅದಾನ."

ಮಾವ ಚಹಾದ ಬಸಿ ಕೆಳಗಿಟ್ಟರು. "ಅಕ್ಕಾ, ನಮ್ಮ ಪೈಕಿ ಏಳು ಫೂಟಿನಾಂವ ಯಾರದಾನ?"

ಊಟವಾದ ಮೇಲೆ ಅವರು ನನ್ನನ್ನು ಬಾಲ್ಕನಿಗೆ ಕರೆದು, ದನಿ ತಗ್ಗಿಸಿ, "ಗುರುರಾಜಾ, ಆಪರೇಶನ್‌ದಾಗ ಕೊಟ್ಟ ಇಂಜೆಕ್ಷನ್ ತಲಿಗೆ ಏನಾರ ಏರೈತೇನು ನೋಡಪಾ" ಎಂದರು. ನಾನು ಎಲ್ಲ ಬಿಡಿಸಿ ಹೇಳಿದೆ. ಅವರ ಆತಂಕ ಇನ್ನಷ್ಟು ಹೆಚ್ಚಿತು.

ಇವರೆಲ್ಲರಿಗಿಂತ ಅವ್ವನಿಗೆ ಹತ್ತಿರದವನು ಮೊಣಕಾಲಿನ ಹುಡುಗ. ಅವ್ವನ ಆಪರೇಶನ್ ಆದ ಎರಡು ತಿಂಗಳಿಗೆ ಅವನು ಜಿಗಿದು ಕೆಳಗೆ ಬರುವಾಗ ಕಾಲು ತಿರುಚಿ ಬಿದ್ದಿದ್ದ. ಜೊತೆಯವರ ಹೆಗಲ ಮೇಲೆ ಕೈಹಾಕಿ ಹೊರಗೆ ಹೋಗುವಾಗ ಟವೆಲಿನಿಂದ ಮುಖ ಮುಚ್ಚಿಕೊಂಡ. "ಪಾಪ, ಎಷ್ಟು ನೋವಾಗಿರಬೇಕು" ಎಂದೆ ನಾನು. ಅವ್ವ ಟಿವಿಯಿಂದ ಕಣ್ಣು ತೆಗೆಯದೆ, "ನೋವಿಗೆ ಯಾರೂ ಮಾರಿ ಮುಚ್ಕೊಳ್ಳಾಂಗಿಲ್ಲಪಾ. ಎಲ್ಲಾರೂ ನೋಡಾಕತ್ತಿದ್ರಲ್ಲ, ಅದಕ್ಕ" ಎಂದಳು. ತೆರೆದ ಬಾಗಿಲುಗಳು, ಆ ಪ್ಲಾಸ್ಟಿಕ್ ಕುರ್ಚಿ, ಎಲ್ಲ ನನಗೆ ಅವತ್ತು ಅರ್ಥವಾಯಿತು. ಅಷ್ಟು ದಿನ ನಾನು ಆಕೆಯ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದೆ. ನೋವಿದ್ದದ್ದು ಬೇರೆ ಕಡೆ.

ಹೊಸ ಋತುವಿಗೆ ಅವನು ಮರಳುತ್ತಾನೆ ಎಂಬುದೇ ಆ ವರ್ಷದ ದೊಡ್ಡ ಸುದ್ದಿ ಎಂದು ಮೇಘಾ ಓದಿ ಹೇಳಿದಾಗ ಅವ್ವ ಫಿಸಿಯೋಥೆರಪಿಯ ಹುಡುಗಿಗೆ ಮಾತು ಕೊಟ್ಟಳು: "ಆ ಹುಡುಗ ಬಂದ ದಿವಸ ನಾನೂ ಕೆಳಗ ಇಳೀತೀನಿ." ಹುಡುಗಿ ಬಾಗಿಲ ಹತ್ತಿರ ನನ್ನನ್ನು ತಡೆದು "ಎವರು ಸಾರ್ ಆ ಅಬ್ಬಾಯಿ? ತೊಂದರಗಾ ರಮ್ಮನಂಡಿ" ಎಂದಳು. ಯಾರು ಸಾರ್ ಆ ಹುಡುಗ, ಬೇಗ ಬರಲು ಹೇಳಿ, ಎಂದು. ಹೇಳುವುದು ನನ್ನ ಕೈಯಲ್ಲಿದ್ದರೆ ವಿಮಾನದ ಟಿಕೆಟ್ಟು ನಾನೇ ತೆಗೆಸಿ ಶಂಶಾಬಾದಿನ ವಿಮಾನ ನಿಲ್ದಾಣದಿಂದ ಕರೆತರುತ್ತಿದ್ದೆ.

ಋತು ಶುರುವಾಗುವ ವಾರ ಆಫೀಸಿನ ಕ್ಯಾಂಟೀನಿನಲ್ಲಿ ಮೊಸರನ್ನ ಕಲಸುತ್ತ ಫೋನು ನೋಡಿದೆ. ಮೊಣಕಾಲು ಇನ್ನೂ ಪೂರ್ತಿ ಸಿದ್ಧವಾಗಿಲ್ಲ, ಮೊದಲ ಪಂದ್ಯಗಳಲ್ಲಿ ಅವನು ಆಡುವುದಿಲ್ಲ ಎಂದಿತ್ತು. ಕಲಸಿದ ಅನ್ನವನ್ನು ಹಾಗೇ ಬಿಟ್ಟು ಕೈತೊಳೆದೆ. ಎದುರಿಗಿದ್ದವರು ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವೇ ಎಂದು ಕೇಳಿದರು. ಸಂಜೆ ಅಡುಗೆಮನೆಯಲ್ಲಿ ನಾವು ಮೂವರೂ ಪಿಸುದನಿಯಲ್ಲಿ ಸಭೆ ಸೇರಿದೆವು. ಭಾರತಿ, "ಖರೇ ಹೇಳಿಬಿಡ್ರಿ. ಅತ್ತಿಯವರಿಗೆ ಸುಳ್ಳು ಹೇಳಿ ಈ ಮನ್ಯಾಗ ಯಾರೂ ದಕ್ಕಿಸಿಕೊಂಡಿಲ್ಲ" ಎಂದಳು. ಮೇಘಾಳದೂ ಅದೇ ಅಭಿಪ್ರಾಯ. ನನಗೆ ಮಾತ್ರ ಧೈರ್ಯವಾಗಲಿಲ್ಲ. ಪಂದ್ಯದ ದಿನ ಎಲ್ಲರಿಗಿಂತ ಮೊದಲೆದ್ದು ಇಂಟರ್ನೆಟ್ಟಿನ ಡಬ್ಬಿಯ ಹಿಂದಿನ ವಾಯರು ಸಡಿಲು ಮಾಡಿ, ಏನೂ ಅರಿಯದವನಂತೆ ಹಾಲು ಕಾಯಿಸಲು ನಿಂತೆ.

ಹೊರಕೋಣೆಯಿಂದ ಅವ್ವನ ದನಿ ಬಂತು. "ಗುರಣ್ಣಾ, ಡಬ್ಬೀ ಹಿಂದಿಂದು ವಾಯರ್ ಕಳಚೈತಿ. ಜೋಡಿಸಪಾ."

ಜೋಡಿಸಿದೆ. ಆಟ ಶುರುವಾಯಿತು. ಹುಡುಗರು ಓಡಾಡಿದರು, ಗಳ ಕೈಯೆತ್ತಿದ, ಜನ ಕೂಗಿದರು. ನಾನು ಹಾಲಿನ ಪಾತ್ರೆ ಹಿಡಿದುಕೊಂಡೇ ನಿಂತಿದ್ದೆ. ಸ್ವಲ್ಪ ಹೊತ್ತಿಗೆ ಕ್ಯಾಮೆರಾ ಅಂಚಿನ ಕುರ್ಚಿಗಳ ಕಡೆ ತಿರುಗಿತು. ಅಲ್ಲಿ ಮೊಣಕಾಲಿನ ಹುಡುಗ ಕೋಟು ಹಾಕಿಕೊಂಡು ಕೂತಿದ್ದ. ತನ್ನವರು ಅಂಕ ಗಳಿಸಿದಾಗಲೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದ. ಏಳುವಾಗ ಒಂದು ಕಾಲನ್ನು ಸ್ವಲ್ಪ ಕಾಯ್ದುಕೊಳ್ಳುತ್ತಿದ್ದ.

"ಅವ್ವಾ, ಅವ ಇವತ್ತ ಆಡಾಂಗಿಲ್ಲಂತ," ಎಂದೆ.

"ನಂಗ ಗೊತ್ತೈತಿ. ಮೇಘಾ ನಿನ್ನೇನ ಹೇಳ್ಯಾಳ."

ಮೇಘಾ ನನ್ನ ಕಡೆ ನೋಡದೆ ಶೂ ಲೇಸು ಕಟ್ಟುವುದರಲ್ಲಿ ಮಗ್ನಳಾಗಿದ್ದಳು.

ಅವನು ಇನ್ನೊಮ್ಮೆ ಎದ್ದು ಕೂರುವವರೆಗೆ ಅವ್ವ ನೋಡಿದಳು. ಆಮೇಲೆ, "ಆಡಾಕ ಬರೂದಿಲ್ಲಂತ ಮನ್ಯಾಗ ಕುಂತಿಲ್ಲ ನೋಡು ಅಂವ. ಎಲ್ಲಾರ ಎದುರಿಗೆ ಬಂದು ಕುಂತಾನ" ಎಂದಳು. ಕುರ್ಚಿಯ ಕೈ ಹಿಡಿದು ಎದ್ದಳು. "ನನ್ನ ಚಪ್ಪಲಿ ಎಲ್ಲದಾವ?"

ಚಪ್ಪಲಿಗಳನ್ನು ಭಾರತಿ ಎಲ್ಲಿಂದ ತಂದಳೋ, ಎಷ್ಟು ತಿಂಗಳಿನಿಂದ ಒರೆಸಿ ಇಟ್ಟಿದ್ದಳೋ, ನನಗೆ ಗೊತ್ತಿಲ್ಲ. ನಾನು ಮುಂದೆ ಹೋಗಿ, ಮೆಟ್ಟಿಲಿಗೆ ಬೆನ್ನು ಮಾಡಿ, ಎರಡೂ ಕೈ ಚಾಚಿ ಹಿಮ್ಮುಖವಾಗಿ ಇಳಿಯತೊಡಗಿದೆ. "ನೀ ಎದುರಿಗೆ ನಿಂತ್ರ ಮೆಟ್ಟಲಾ ಕಾಣಾಂಗಿಲ್ಲ, ಸರಿ" ಎಂದಳು. ಸರಿದೆ. ಒಳ್ಳೆಯ ಕಾಲನ್ನು ಮೇಲೆಯೇ ಊರಿ, ಆಪರೇಶನ್ನಾದ ಕಾಲನ್ನು ಮೊದಲು ಕೆಳಗಿಟ್ಟು, ಫಿಸಿಯೋಥೆರಪಿಯ ಹುಡುಗಿ ಹೇಳಿಕೊಟ್ಟ ಹಾಗೆಯೇ ಅವ್ವ ಇಳಿದಳು. ಚಹಾ ಕುಡಿಸಿ ಕಳಿಸಿದರೂ ಪಾಠವೆಲ್ಲ ಕೇಳಿಸಿಕೊಂಡಿದ್ದಳು. ತಿರುವಿನಲ್ಲಿ ಮತ್ತೆ ನಿಂತಳು. ಕಂಬಿ ಹಿಡಿದ ಕೈ ಬಿಗಿಯಾಯಿತು. ಎದುರು ಮನೆಯ ಬಾಗಿಲು ಕಿರ್ರೆಂದು ತೆರೆಯಿತು. ಕೆಳಗೆ ವಾಚ್‌ಮನ್ನು ನಮ್ಮನ್ನು ನೋಡಿದವನೇ ಕುರ್ಚಿ ಎತ್ತಿಕೊಂಡ. 

ಅವ್ವ ಅವನಿಗೆ ಬೇಡವೆಂದು ಕೈಯಾಡಿಸಿ, ತನ್ನದೇ ತೆಲುಗಿನಲ್ಲಿ, "ವದ್ದಪಾ, ಕುರ್ಚಿ ವದ್ದು. ಅಲ್ಲೇ ಇಡು, ನಾನ ಬಂದು ಕುಂದರ್ತೀನಿ" ಎಂದಳು. ಮತ್ತು ಹೋಗಿ ಕೂತಳು. ಬೇವಿನ ಮರದ ಕೆಳಗೆ, ಹೋಗಿ ಬರುವ ಎಲ್ಲರ ಎದುರಿಗೆ, ಸೆರಗು ಸರಿಮಾಡಿಕೊಂಡು. ಮೇಘಾ ಚಪ್ಪಾಳೆ ತಟ್ಟಿದಳು. ಭಾರತಿ ಮೇಲೆ ನಿಂತು ಕಣ್ಣೊರೆಸಿಕೊಂಡಳು. ನಾನೇನು ಮಾಡಿದೆನೆಂದರೆ, ಹಾಲಿನ ಪಾತ್ರೆ ಒಲೆಯ ಮೇಲಿದೆಯೇ ಕೆಳಗಿದೆಯೇ ಎಂದು ಯೋಚಿಸುತ್ತ ನಿಂತೆ. ಇಂಥ ಸಮಯದಲ್ಲಿ ನನಗೆ ಹೊಳೆಯುವುದು ಇಂಥದ್ದೇ.

ಅವತ್ತು ಆಫೀಸಿಗೆ ತಡವಾಯಿತು. ನಮ್ಮ ಸಾಹೇಬರು ಅಪ್ಪಟ ಹೈದರಾಬಾದಿನವರು. ಕನ್ನಡಕದ ಮೇಲಿನಿಂದ ನೋಡಿ ಕಾರಣ ಕೇಳಿದರು. ನನ್ನ ಮನಸ್ಸು ಇನ್ನೂ ಬೇವಿನ ಮರದ ಕೆಳಗೇ ಇತ್ತು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ: "ಬ್ಯಾಸ್ಕೆಟ್‌ಬಾಲ್ ಶುರುವಾಗಿದೆ ಸಾರ್."

ಅವರ ದೃಷ್ಟಿ ನನ್ನ ಹೊಟ್ಟೆಯ ಮೇಲೆ ಬಂದು ನಿಂತಿತು. "ಆಪ್ ಖೇಲ್ತೇ ಕ್ಯಾ?"

"ನಹೀ ಸಾರ್," ಎಂದೆ. "ಅಮ್ಮಾ."

ಸಾಹೇಬರು ಹಾಜರಿ ಪುಸ್ತಕವನ್ನು ನನ್ನತ್ತ ತಳ್ಳಿದರು. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಇಡೀ ವಿಭಾಗಕ್ಕೆ ಹಬ್ಬಿತ್ತು. ಎಪ್ಪತ್ತು ದಾಟಿದ ತಾಯಿ ಬ್ಯಾಸ್ಕೆಟ್‌ಬಾಲ್ ಆಡುವ ಮನೆತನದವನೆಂದು ಅಂದಿನಿಂದ ಎಲ್ಲರೂ ನನ್ನನ್ನು ವಿಶೇಷ ಮರ್ಯಾದೆಯಿಂದ ಮಾತನಾಡಿಸುತ್ತಾರೆ. ಭಾರವಾದ ಪೆಟ್ಟಿಗೆ ಎತ್ತುವ ಕೆಲಸ ಬಂದರೆ ಮೊದಲು ನನ್ನನ್ನೇ ಕರೆಯುತ್ತಾರೆ.