ತಾನೇ ಹತ್ತುವ ದೀಪ, ನಾಲ್ಕು ತಾಲ್ಲೂಕು

ಮನುಷ್ಯರ ಕೆಲಸ ಉಳಿಸಲೆಂದು ಮಾಡಿದ ಯಂತ್ರಗಳು ಮನುಷ್ಯರಿಗೆ ಎಷ್ಟು ಕೆಲಸ ಕೊಡುತ್ತವೆ ಎಂಬುದನ್ನು ನಾನು ಮೇಲಿಂದ ಮೇಲೆ ನೋಡುತ್ತಿರುತ್ತೇನೆ. ಅದಕ್ಕೇ ನನಗೆ ಸಂಬಳ. ರಂಗಮಂದಿರ, ವಸ್ತುಸಂಗ್ರಹಾಲಯ, ಸಭಾಭವನಗಳಿಗೆ ನಮ್ಮ ಕಂಪನಿ ಒಂದು ಪೆಟ್ಟಿಗೆ ಕೂಡಿಸುತ್ತದೆ. ಜನ ಬಂದರೆ ದೀಪ ತಾನೇ ಹತ್ತುತ್ತದೆ, ಹೋದರೆ ಆರುತ್ತದೆ. ಸೆಖೆಯಾದರೆ ಎಸಿ ತಾನೇ ಜೋರಾಗುತ್ತದೆ. ನಾಟಕವಿದ್ದರೆ ಪರದೆ ತಾನೇ ಏಳುತ್ತದೆ, ತಾನೇ ಬೀಳುತ್ತದೆ. ಸ್ವಿಚ್ಚೇ ಬೇಡ.

ವಿಜಯಪುರದ ನಮ್ಮ ಮ್ಯಾನೇಜರರು ಇಂಡಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿಗಳನ್ನು ನನಗೆ ಒಪ್ಪಿಸಿ, "ನಾಲ್ಕರಾಗ ಒಂದ್ ಊರಾಗರ ನಮ್ಮ ಪೆಟ್ಟಿಗಿ ಉಳೀತಂದ್ರ ನಿಮ್ಮ ನೌಕರಿ ಐತಿ. ಇಲ್ಲಂದ್ರ ಗೋದಾಮಿನ್ಯಾಗ ವಾಯರ್ ಸುತ್ಕೋತ ಕೂಡ್ರಿ" ಅಂದರು. ವಾಯರ್ ಸುತ್ತುವುದರಲ್ಲಿ ನನಗೆ ಅಂಥ ಆಸಕ್ತಿ ಇರಲಿಲ್ಲ.

೧. ಇಂಡಿಯ ಕಲ್ಲು

ಇಂಡಿಯ ಒಂದು ಸಣ್ಣ ವಸ್ತುಸಂಗ್ರಹಾಲಯದಲ್ಲಿ ಸುತ್ತಲಿನ ಹಳ್ಳಿಗಳಿಂದ ತಂದ ಶಾಸನ, ವೀರಗಲ್ಲುಗಳನ್ನು ಸಾಲಾಗಿ ನಿಲ್ಲಿಸಿದ್ದರು. ಯಾರಾದರೂ ಹತ್ತಿರ ಹೋದಾಗ ಮಾತ್ರ ಆ ಕಲ್ಲಿನ ಮೇಲೆ ಬೆಳಕು ಬೀಳುವಂತೆ ಮಾಡಿ ಬಂದೆ. ಒಂದು ವಾರ ಬಿಟ್ಟು ಹೋದರೆ, ಬಾಗಿಲ ಬಳಿಯ ವೀರಗಲ್ಲಿಗೆ ಅರಿಷಿಣ, ಕುಂಕುಮ ಏರಿದ್ದವು. ಮುಂದೆ ಒಡೆದ ತೆಂಗಿನಕಾಯಿ.

ಕಾವಲುಗಾರನನ್ನು ಕೇಳಿದೆ.

"ಜಾಗೃತ ಕಲ್ಲು ಐತ್ರಿ. ಭಕ್ತಿ ಇದ್ದಾವ್ರು ಬಂದ್ರ ಬೆಳಕ ಕೊಡತೈತಿ."

"ಅದು ಸೆನ್ಸರ್ ಅದರೀ. ನಾ ಕೂಡಸೂವಾಗ ನೀವ ಏಣಿ ಹಿಡದಿದ್ರಿ."

"ಹಿಡದಿದ್ನಿರಿ, ಇಲ್ಲನ್ನಂಗಿಲ್ಲ. ಗುಡ್ಯಾಗ ದೇವರನ್ನ ಕೂಡಸಿದವರೂ ಮನಶ್ಯಾರ ಅಲ್ಲೇನ್ರಿ?"

ಅಷ್ಟರಲ್ಲಿ ಒಬ್ಬ ಅತ್ತೆ, ಸೊಸೆ ಬಂದರು. ಅತ್ತೆ ಕಲ್ಲಿನ ಮುಂದೆ ನಿಂತ ಕೂಡಲೇ ದೀಪ ಹತ್ತಿತು. ಆಕೆ ಕಣ್ಣು ಮುಚ್ಚಿ, ಒಂದಿಷ್ಟೂ ಅಲುಗಾಡದೆ ಕೈ ಮುಗಿದುಕೊಂಡು ನಿಂತರು. ಯಾರೂ ಇಲ್ಲವೆಂದು ತಿಳಿದು ಯಂತ್ರ ದೀಪ ಆರಿಸಿತು. ಒಮ್ಮೆ ಆರಿಸಿದರೆ ಮತ್ತೆ ಹತ್ತಿಸಲು ಅದಕ್ಕೆ ಒಂದು ಗಳಿಗೆ ಪುರುಸೊತ್ತು ಬೇಕು. ಸೊಸೆ ಮುಂದೆ ಬಂದದ್ದು ಸರಿಯಾಗಿ ಆ ಪುರುಸೊತ್ತಿನಲ್ಲಿ.

ಕಲ್ಲು ಕತ್ತಲಾಗಿಯೇ ಇತ್ತು. ಅತ್ತೆ ಸೊಸೆಯನ್ನು ಮೇಲಿಂದ ಕೆಳಗೆ ನೋಡಿದರು. ನನ್ನ ಕಡೆ ತಿರುಗಿ, "ನಾ ಒಬ್ಬಾಕಿ ಹೇಳಿದ್ರ ಮನ್ಯಾಗ ಯಾರೂ ನಂಬತಿರಲಿಲ್ಲ, ನೋಡ್ರಿ" ಎಂದರು.

ಮರುದಿನ ಸೊಸೆಯ ತವರಿನವರು ಜೀಪು ತುಂಬಿಕೊಂಡು ಬಂದು ಸಂಗ್ರಹಾಲಯದ ಅಧಿಕಾರಿಯನ್ನು ಕಂಡರು. ಸಂಜೆಗೆ ಪೆಟ್ಟಿಗೆ ಬಿಚ್ಚಿದೆ. ಈಗ ಅಲ್ಲೊಂದು ಟ್ಯೂಬ್‌ಲೈಟ್ ಇದೆ. ಅತ್ತೆ, ಸೊಸೆ ಎಂದು ಭೇದ ಮಾಡುವುದಿಲ್ಲ.

೨. ಬಾಗೇವಾಡಿಯ ಭಾಷಣ

ಬಾಗೇವಾಡಿಯ ಸಭಾಭವನದಲ್ಲಿ ಕುರ್ಚಿಗಳ ಮೇಲೆ ಕಣ್ಣಿಡುವ ಸೆನ್ಸರ್ ಹಾಕಿದ್ದೆ. ಕೂತವರಲ್ಲಿ ಬಹಳ ಹೊತ್ತು ಚಲನೆ ಕಾಣದಿದ್ದರೆ ಭವನ ಖಾಲಿ ಎಂದು ತಿಳಿದು ದೀಪ ಆರಿಸುವುದು ಅದರ ಧರ್ಮ. ಮೊದಲ ಕಾರ್ಯಕ್ರಮ ಒಬ್ಬ ನಿವೃತ್ತ ಪ್ರಾಧ್ಯಾಪಕರ ಉಪನ್ಯಾಸ. ವಿಷಯ, ಮೌನದ ಮಹತ್ವ. ಅವರು ಮೌನದ ಬಗ್ಗೆ ಮಾತಾಡಿದರು, ಮಾತಾಡಿದರು, ಮಾತಾಡುತ್ತಲೇ ಇದ್ದರು. ಸಭೆ ಪೂರ್ತಿ ನಿದ್ದೆಹೋಗಿತ್ತು. ಯಂತ್ರ ತನ್ನ ಧರ್ಮ ಪಾಲಿಸಿತು.

ಕತ್ತಲಲ್ಲಿ ಭವನದ ಕಾರ್ಯದರ್ಶಿ ನನ್ನ ಅಂಗಿ ಹಿಡಿದು ಜಗ್ಗಿದರು. "ಏನರ ಮಾಡ್ರಿ."

"ಒಬ್ರಿಬ್ರು ಅಳ್ಳಾಡಿದ್ರ ಸಾಲಂಗಿಲ್ರಿ. ಎಲ್ಲಾರಿಗೂ ಕೈ ಎತ್ತಿ ಆಡಸಾಕ ಹೇಳ್ರಿ, ಹತ್ತತಾವು."

ಕಾರ್ಯದರ್ಶಿ ಸಾಲುಸಾಲಿಗೆ ಹೋಗಿ ಎಲ್ಲರನ್ನೂ ತಿವಿದು ಎಬ್ಬಿಸಿ ಹೇಳಿದರು. ಅದೇ ಹೊತ್ತಿಗೆ ವೇದಿಕೆಯ ಕತ್ತಲಿನಿಂದ ಪ್ರಾಧ್ಯಾಪಕರ ದನಿ ಕೇಳಿತು: "ಬಂಧುಗಳೆ, ಸಾಕೆಂದರೆ ಇಲ್ಲಿಗೇ ಮುಗಿಸುತ್ತೇನೆ. ಇನ್ನೂ ಕೇಳುವ ಆಸೆ ಎಷ್ಟು ಜನರಿಗಿದೆ?"

ದೀಪ ಹತ್ತಿತು. ಇಡೀ ಸಭೆ ಎರಡೂ ಕೈ ಎತ್ತಿ ಆಡಿಸುತ್ತಿತ್ತು. ಪ್ರಾಧ್ಯಾಪಕರ ಕಣ್ಣು ತುಂಬಿ ಬಂದವು. ಅವರು ಮೌನದ ಎರಡನೇ ಭಾಗಕ್ಕೆ ಕೈ ಹಾಕಿದರು.

ಹೊರಗೆ ಬರುವಾಗ ಕಾರ್ಯದರ್ಶಿ ಹೇಳಿದ್ದು ಇಷ್ಟೇ: "ಸ್ವಿಚ್ ಇತ್ತಂದ್ರ ಯಾವಾಗ ಆರಿಸಬೇಕು ಅನ್ನೂದು ನಮಗ ಗೊತ್ತಿರತಿತ್ರಿ."

೩. ಮುದ್ದೇಬಿಹಾಳದ ಕವಿಗೋಷ್ಠಿ

ಮೇ ತಿಂಗಳ ಮುದ್ದೇಬಿಹಾಳದಲ್ಲಿ ಕವಿಗೋಷ್ಠಿಗೆ ಜಾಗ ಸಾಲದೆ ಜನ ನಿಂತಿದ್ದರು ಎಂದರೆ ಯಾರೂ ನಂಬುವುದಿಲ್ಲ. ಕಾರಣ ಸರಳ. ಚಹಾದವನು ತನ್ನ ಒಲೆಯನ್ನು ಸರಿಯಾಗಿ ನಮ್ಮ ಸೆನ್ಸರಿನ ಕೆಳಗೆ ಹೂಡಿದ್ದ. ಭವನ ಹೊತ್ತಿ ಉರಿಯುತ್ತಿದೆ ಎಂದು ತಿಳಿದ ಪೆಟ್ಟಿಗೆ ಎಸಿಯನ್ನು ಕೊನೆಯ ತನಕ ಏರಿಸಿತ್ತು. ಬಜಾರಕ್ಕೆ ಬಂದವರೆಲ್ಲ ಒಳಗೆ ಬಂದು ಕೂತರು. ಒಬ್ಬ ಅಜ್ಜ ಮನೆಗೆ ಹೋಗಿ ಕಂಬಳಿ ತಂದ.

ದೋಷ ಹುಡುಕಿ ನಾನು ಒಲೆ ಸರಿಸಿದೆ. ಮೂರನೇ ಕವಿ ಓದಲು ನಿಲ್ಲುವಷ್ಟರಲ್ಲಿ ಕವಿಗಳು ಮಾತ್ರ ಉಳಿದಿದ್ದರು. ಸಂಘಟಕರು ನನ್ನನ್ನು ಬದಿಗೆ ಕರೆದು, "ನಿಮ್ಮ ಪೆಟ್ಟಿಗಿ ತಗೊಂಡ್ ಹೋಗ್ರಿ, ಆ ಒಲಿ ಬಿಟ್ಟ್ ಹೋಗ್ರಿ" ಎಂದರು.

೪. ಸಿಂದಗಿಯ ಗುಂಡು

ಹೀಗೆ ಮೂರು ಊರು ಕೈಬಿಟ್ಟವು. ಉಳಿದದ್ದು ಸಿಂದಗಿಯ ರಂಗಮಂದಿರ, ಮತ್ತು ಅದರಾಚೆ ಗೋದಾಮು. ಅಲ್ಲಿನ ಅಧ್ಯಕ್ಷರಿಗೆ ಮೂರೂ ಸುದ್ದಿ ಆಗಲೇ ಮುಟ್ಟಿದ್ದವು.

"ಒಂದ ನಾಟಕ ತಪ್ಪಿಲ್ದಂಗ ನಡಸಿ ತೋರಸ್ರಿ" ಎಂದರು. "ತಪ್ಪಿದ್ರ ಮರದಿನಾ ಗೋಡಿ ಒಡದು ಸ್ವಿಚ್ ಹಾಕಸ್ತೇನಿ."

ನಾಟಕ ಊರವರದೇ. ಖಳನಾಯಕನ ಪಾತ್ರ ಅಧ್ಯಕ್ಷರ ಅಳಿಯನದು. ಪ್ರತಿ ದೃಶ್ಯದ ಬೆಳಕು, ಸಪ್ಪಳ, ಪರದೆ ಎಲ್ಲವನ್ನೂ ತಾಲೀಮಿನಲ್ಲಿ ಅಳೆದು ಪೆಟ್ಟಿಗೆಗೆ ತುಂಬಿದೆ. ಕೊನೆಯ ದೃಶ್ಯದಲ್ಲಿ ನಾಯಕ ಪಿಸ್ತೂಲು ಎತ್ತುತ್ತಾನೆ, ಗುಡುಗುತ್ತದೆ, ಗುಂಡಿನ ಸಪ್ಪಳ, ಕೆಂಪು ಬೆಳಕು, ಖಳನಾಯಕ ಬೀಳುತ್ತಾನೆ, ಪರದೆ. ನಾನು ಎಲ್ಲವನ್ನೂ ಅಳೆದಿದ್ದೆ, ಆಯೇರಿಯೊಂದನ್ನು ಬಿಟ್ಟು.

ನಮ್ಮ ಕಡೆ ನಾಟಕದ ನಡುವೆಯೇ ಪಾತ್ರಧಾರಿಯ ಬೀಗರು ರಂಗದ ಮೇಲೆ ಬಂದು ಟಾವೆಲ್ಲೋ ಉಂಗುರವೋ ಹಾಕಿ ಹೋಗುತ್ತಾರೆ. ಅದೇ ಆಯೇರಿ. ಅಲ್ಲಿಯ ತನಕ ಕಥೆ ಕಾಯುತ್ತದೆ. ಕಾಯಬೇಕೆಂದು ಪೆಟ್ಟಿಗೆಗೆ ಯಾರೂ ಹೇಳಿರಲಿಲ್ಲ.

ಕೊನೆಯ ದೃಶ್ಯ ಶುರುವಾಯಿತು. ನಾಯಕ ಪಿಸ್ತೂಲಿಗೆ ಕೈ ಹಾಕಿದ. ಆಗ ಅಧ್ಯಕ್ಷರು ತಲೆಗೆ ಸುತ್ತಿದ ಪಟಗಾ ಸರಿ ಮಾಡಿಕೊಳ್ಳುತ್ತ ಮೆಟ್ಟಿಲೇರಿ ಬಂದು, ಅಳಿಯನ ಮುಂದೆ ನಿಂತು, ಉಂಗುರ ತೆಗೆದರು. ನಾಯಕ ಪಿಸ್ತೂಲು ಎತ್ತಿದವನು ಎತ್ತಿದಂತೆಯೇ ನಿಂತ. ದೃಶ್ಯ ನಿಲ್ಲಿಸುವ ಸ್ವಿಚ್ಚಿಗಾಗಿ ನಾನು ತಡಕಾಡಿದೆ. ಸ್ವಿಚ್ಚೇ ಬೇಡದ ಪೆಟ್ಟಿಗೆ ಅದು. ಶುರು ಮಾಡಲು ಬರುತ್ತಿತ್ತು, ನಿಲ್ಲಿಸಲು ಬರುತ್ತಿರಲಿಲ್ಲ.

ಗುಡುಗಿತು. ಅಧ್ಯಕ್ಷರು ಮೇಲೆ ನೋಡಿದರು. ಢಂ ಎಂದಿತು. ರಂಗವೆಲ್ಲ ಕೆಂಪಾಯಿತು. ಅಧ್ಯಕ್ಷರು ಎದೆ ಹಿಡಿದುಕೊಂಡು ಒಂದು ಸುತ್ತು ತಿರುಗಿ ಅಂಗಾತ ಬಿದ್ದರು. ಪರದೆ ಬಿತ್ತು.

ಆಮೇಲೆ ಚಪ್ಪಾಳೆ, ಸೀಟಿ, ಹಿಂದಿನ ಸಾಲಿನಿಂದ "ಒನ್ಸ್ ಮೋರ್".

ಅಧ್ಯಕ್ಷರು ಪರದೆಯ ಹಿಂದಿನಿಂದ ಎದ್ದು, ಮೈ ಜಾಡಿಸಿಕೊಂಡು ನನ್ನ ಕಡೆ ನಡೆದು ಬಂದರು. ನನಗೆ ಗೋದಾಮಿನ ವಾಯರಿನ ಸುರುಳಿಗಳೆಲ್ಲ ಕಣ್ಣಿಗೆ ಕಟ್ಟಿದವು.

"ಯಾರಿಗೆ ಒನ್ಸ್ ಮೋರ್ ಅಂತಾರದು?"

"ನಿಮಗ ಅಂತ ಕಾಣತೈತ್ರಿ."

ಅವರು ಸ್ವಲ್ಪ ಹೊತ್ತು ಕಿವಿಗೊಟ್ಟರು. ಎಷ್ಟೋ ಸಭೆಗಳಲ್ಲಿ ಮಾತಾಡಿದ ಮನುಷ್ಯ. ಇನ್ನೊಮ್ಮೆ ಎಂದು ಯಾರೂ ಕೇಳಿದ್ದಿಲ್ಲ. ದನಿ ತಗ್ಗಿಸಿ ಕೇಳಿದರು: "ತಿರಗಿ ಹೊಡ್ಯಾಕ ಬರತೈತೇನ್ರಿ ಆ ಗುಂಡು?"

ಬರುತ್ತಿತ್ತು. ಎರಡನೇ ಸಲ ಅವರು ಇನ್ನೂ ಚಂದ ಬಿದ್ದರು. ಪಟಗಾ ಉರುಳಿಕೊಂಡು ತಬಲಾದವನ ಮುಂದೆ ಹೋಗಿ ನಿಂತಿತು. ಮೂರನೇ ಸಲ ಅಳಿಯನನ್ನು ಕೊಂದೆವು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಮಾವನಂಗ ಬರಲಿಲ್ಲ ಎಂದು ಮುಂದಿನ ಸಾಲಿನ ಹೆಂಗಸರು ಮಾತಾಡಿಕೊಂಡರು.

ಎಲ್ಲ ಮುಗಿದ ಮೇಲೆ ಅಧ್ಯಕ್ಷರು ಪೆಟ್ಟಿಗೆಯ ಮೇಲೆ ಕೈಯಿಟ್ಟು, "ಇದು ಇಲ್ಲೇ ಇರ್ಲಿ. ಗೋಡಿ ಒಡ್ಯೂದು ಬ್ಯಾಡ" ಎಂದರು. ನಾನು ಕೈ ಮುಗಿದೆ. ನಾಲ್ಕು ಹೆಜ್ಜೆ ಹೋದವರು ತಿರುಗಿ ಬಂದರು.

"ಬರೂ ಆಯ್ತಾರ ಇಲ್ಲೇ ಸನ್ಮಾನ ಐತಿ. ನನ್ನ ಭಾಷಣ ಮುಗದ ಕೂಡ್ಲೆ ಇದ ಗುಂಡು ಹಾರಸ್ರಿ. ಜನಾ ಖುಷಿ ಆಗ್ತಾರ."

ಪಕ್ಕದಲ್ಲಿ ಅಳಿಯ ಬಣ್ಣ ಒರೆಸಿಕೊಳ್ಳುತ್ತ ನಿಂತಿದ್ದ. ಮೀಸೆ ಒಂದು ಕಡೆ ಕಿತ್ತು ಜೋತಾಡುತ್ತಿತ್ತು. ಬಹಳ ಮರ್ಯಾದೆಯಿಂದ ಹೇಳಿದ:

"ಮುಗದ ಮ್ಯಾಲ ಬ್ಯಾಡ್ರಿ, ಮಾವಾರ. ಸುರುವಿಗೇ ಹಾರಸ್ಲಿ."